ಬೆಲ್ ಇಲ್ಲದೆ ಹೊರಡದ ಕಾರು

ನಿವೃತ್ತಿಯಾದ ಮೇಲೆ ಡ್ರೈವರಣ್ಣನಿಗೆ ಬುದ್ಧಿ ಬರಬೇಕಿತ್ತು. ಕಾರು ಬಂತು.

ಅದೂ ಎಂಥ ಕಾರು. ಕೆಂಪು ಬಣ್ಣದ್ದು, ಎರಡೇ ಸೀಟಿನದು, ತಲೆಯ ಮೇಲೆ ತಗಡಿನ ಬದಲು ಮಡಚುವ ಬಟ್ಟೆ. ಹೊಸದಾಗಿದ್ದ ಕಾಲದಲ್ಲಿ ಅದನ್ನು ರೇಸಿನ ಕಾರು ಅಂತ ಜನ ನಿಂತು ನೋಡುತ್ತಿದ್ದರಂತೆ. ಈಗ ಬಾಗಿಲು ತೆಗೆದರೆ ಕೀಲು ನರಳುತ್ತಿತ್ತು, ಮುಚ್ಚಿದರೆ ಎಲ್ಲಿಂದಲೋ ಒಂದು ತಿರುಪು ಉದುರುತ್ತಿತ್ತು. ಹಲ್ಲಿನ ಡಾಕ್ಟರೊಬ್ಬರು ಪ್ರಾಯದಲ್ಲಿ ಕೊಂಡು, ಪ್ರಾಯ ಇಳಿದ ಮೇಲೆ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ಮರೆತುಬಿಟ್ಟಿದ್ದರು. ಒಳಗೆ ಇಲಿಗಳು ಸಂಸಾರ ಹೂಡಿದ್ದವು. "ಸೀಟಿನ ಹತ್ತಿ ಅವು ತಿಂದಿವೆ. ಇಂಜಿನ್ ಮಾತ್ರ ತಿಂದಿಲ್ಲ," ಅಂತ ಡಾಕ್ಟರು ಪ್ರಾಮಾಣಿಕವಾಗಿಯೇ ಹೇಳಿದರು. ಹಳೆಯ ಸೈಕಲ್ಲು ದಾಟಿಸುವಂತೆ ಅಗ್ಗಕ್ಕೆ ದಾಟಿಸಿದರು. ಕೀಲಿಕೈ ಕೊಡುವಾಗ ಅವರ ಮುಖದಲ್ಲಿ, ಕಾಡುತ್ತಿದ್ದ ಹಲ್ಲು ಕಿತ್ತ ಮೇಲೆ ರೋಗಿಯ ಮುಖದಲ್ಲಿ ಮೂಡುವ ಕಳೆ ಇತ್ತು. ಡ್ರೈವರಣ್ಣ ಅದನ್ನು ಕಂಡೂ ಕಾಣದವನಂತೆ ಇದ್ದ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಅಂದರೆ, ಅದಕ್ಕೊಂದು ಕಾರಣವಿತ್ತು. ಅವನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸದಲ್ಲಿದ್ದವಳು. ಹಾಸಿಗೆಯ ಬಿಳಿ ಹೊದಿಕೆಗಳನ್ನು ದಿನವಿಡೀ ನಿಂತುಕೊಂಡೇ ತಿಕ್ಕಿ ತಿಕ್ಕಿ ಅವಳ ಮಂಡಿಗಳು ಸವೆದಿದ್ದವು. ಗಂಡ ಓಡಿಸುತ್ತಿದ್ದ ಬಸ್ಸು ಆಸ್ಪತ್ರೆಯ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಹಾಗಾಗಿ ಮದುವೆಯಾದಾಗಿನಿಂದ ಅವಳು ಅದೇ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಬೆನ್ನಿಗಿದ್ದ ಸೀಟಿನಲ್ಲಿ ಕೂತು ಹೋಗಿ ಬರುತ್ತಿದ್ದಳು. ಚಾಲಕರೊಂದಿಗೆ ಮಾತನಾಡಬಾರದು ಎಂಬ ಬೋರ್ಡು ಅವನ ತಲೆಯ ಮೇಲೇ ಇತ್ತು. ಅವಳು ನಿಯಮ ಮೀರುವವಳಲ್ಲ. ಮನೆಯಲ್ಲಿ ಜಗಳವಾದಾಗ ಆ ನಿಯಮವನ್ನು ಮನೆಗೂ ತರುತ್ತಿದ್ದಳು, ಅಷ್ಟೆ.

ಅವನ ಕೊನೆಯ ಟ್ರಿಪ್ಪಿನ ದಿನ, ಆಗಲೇ ಕೆಲಸ ಬಿಟ್ಟು ಮನೆಯಲ್ಲಿದ್ದ ಅವಳು ಬೇಕೆಂದೇ ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು. ಡಿಪೋದಲ್ಲಿ ಇಳಿಯುವಾಗ ಅಂದಳು:

"ನಿಮ್ಮ ಕತ್ತಿನ ಹಿಂಭಾಗ ನನಗೆ ಬಾಯಿಪಾಠ ಕಣ್ರೀ. ಯಾವ ಕೂದಲು ಯಾವಾಗ ಬೆಳ್ಳಗಾಯ್ತು ಅಂತ ಕೇಳಿದ್ರೂ ಹೇಳ್ತೀನಿ. ಗಾಡಿ ಓಡಿಸೋವಾಗ ನಿಮ್ಮ ಮುಖ ಹೇಗಿರುತ್ತೆ ಅನ್ನೋದು ಮಾತ್ರ ಗೊತ್ತಿಲ್ಲ. ಕನ್ನಡೀಲಿ ಹುಬ್ಬು ಕಾಣುತ್ತೆ, ಅಷ್ಟೆ. ಒಂದ್ಸಲ ಪಕ್ಕದಲ್ಲಿ ಕೂತು ನೋಡ್ಬೇಕು."

ಬೇರೆ ಗಂಡಸಾಗಿದ್ದರೆ ಒಂದು ಸಾಧಾರಣ ಕಾರು ಬಾಡಿಗೆಗೆ ತಂದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿ ಆಸೆ ತೀರಿಸುತ್ತಿದ್ದ. ಡ್ರೈವರಣ್ಣ ಯೋಚನೆ ಮಾಡಿದ. ಅವನು ಯೋಚನೆ ಮಾಡಿದಾಗಲೆಲ್ಲ ಮನೆಯವರಿಗೆ ಏನಾದರೊಂದು ಕಾದಿರುತ್ತಿತ್ತು. ನಾಲ್ಕು ಸೀಟಿನ ಕಾರು ತಂದರೆ ಮಗಳು ಬರುತ್ತಾಳೆ, ಅಳಿಯ ಬರುತ್ತಾನೆ, ಅಳಿಯನನ್ನು ಹಿಂದೆ ಕೂರಿಸಲಾಗುತ್ತದೆಯೇ, ಅವನು ಮುಂದೆ, ಇವಳು ಮತ್ತೆ ಹಿಂದೆ. ಮತ್ತೆ ಕತ್ತೇ ಗತಿ. ಎರಡೇ ಸೀಟಿದ್ದರೆ ಈ ತಾಪತ್ರಯವಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಅದರ ಅಡಿಯಲ್ಲಿ ಇನ್ನೊಂದು ಆಸೆ ಮುದುರಿಕೊಂಡಿತ್ತು ಎನ್ನುವುದನ್ನು ಅವನು ತನಗೆ ತಾನೇ ಸ್ವಲ್ಪ ತಡವಾಗಿ ಒಪ್ಪಿಕೊಂಡ. ವಯಸ್ಸಿನಲ್ಲಿ ಅವನು ತುಂಬಿದ ಬಸ್ಸನ್ನು ಏದುಸಿರು ಬಿಡಿಸಿಕೊಂಡು ಏರಿಗೆ ಹತ್ತಿಸುವಾಗ, ಇಂಥದೇ ಒಂದು ಕೆಂಪು ಕಾರು ಸುಯ್ಯನೆ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಅದರಲ್ಲಿದ್ದವನು ಒಮ್ಮೆ ಕೈ ಬೀಸಿದ್ದ. ಆ ಕೈ ಇವನ ಕಣ್ಣಿನಿಂದ ಹೋಗಿರಲೇ ಇಲ್ಲ.

ಕಾರು ಮನೆ ಮುಂದೆ ಬಂದು ನಿಂತಾಗ ಹೆಂಡತಿ ಬಾಗಿಲಿಗೆ ಬಂದಳು. ಒಂದು ಸುತ್ತು ಬಂದು ನೋಡಿದಳು. ಬೀದಿಯ ನಾಯಿಯೂ ಅವಳ ಹಿಂದೆಯೇ ಒಂದು ಸುತ್ತು ಬಂದು ನೋಡಿತು.

"ಇದು ಗಾಡೀನಾ, ಬೋರಲು ಹಾಕಿದ ಬಾಣಲೇನಾ?"

"ಎರಡೇ ಸೀಟು. ಒಂದು ನನಗೆ, ಒಂದು ನಿನಗೆ," ಅಂದ ಡ್ರೈವರಣ್ಣ ಎದೆಯುಬ್ಬಿಸಿ.

"ಸೀಟು ಎಲ್ಲಿದೆ? ನನಗೆ ನೆಲ ಕಾಣ್ತಿದೆ." ಅವಳು ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಮೇಲೆದ್ದಳು. "ನಾನು ಇದರೊಳಗೆ ಕೂತ್ರೆ ನಾಯಿ ನನ್ನ ಮುಖಕ್ಕೆ ಮುಖ ಕೊಟ್ಟು ಮಾತಾಡಿಸುತ್ತೆ. ಮೊದಲು ನೀವು ಜನ ನಗದ ಹಾಗೆ ಓಡಿಸೋದು ಕಲೀರಿ, ಆಮೇಲೆ ಬರ್ತೀನಿ."

ಇಷ್ಟು ದೊಡ್ಡ ಬಸ್ಸನ್ನು ಸಂದುಗೊಂದಿನಲ್ಲಿ ತೂರಿಸಿದವನಿಗೆ ಕಲಿಯುವುದೇನು ಉಳಿದಿದೆ ಎಂದುಕೊಂಡು ಡ್ರೈವರಣ್ಣ ಒಬ್ಬನೇ ಹೊರಟ. ಉಳಿದಿತ್ತು.

ಮೊದಲ ತಿರುವಿನಲ್ಲಿಯೇ ಅವನು ಬಸ್ಸಿನ ಅಭ್ಯಾಸಕ್ಕೆ ರಸ್ತೆಯ ಆಚೆ ಅಂಚಿನವರೆಗೂ ಹೋಗಿ ಅಗಲವಾಗಿ ತಿರುಗಿಸಿದ. ಮೊರದಷ್ಟು ಕಾರು, ಲಾರಿಗೆ ಬೇಕಾದಷ್ಟು ರಸ್ತೆ. ಎದುರಿಗೆ ಬಂದ ಹಾಲಿನ ವ್ಯಾನಿನವನು ನಿಲ್ಲಿಸಿ, ಈ ಕಾರಿನ ಹಿಂದೆ ಇನ್ನೇನೋ ಉದ್ದದ್ದು ಕಟ್ಟಿಕೊಂಡು ಬರುತ್ತಿದೆಯೇನೋ ಎಂದು ಕತ್ತು ಚಾಚಿ ಕಾದ. ಏನೂ ಬರಲಿಲ್ಲ.

ಬಸ್ ಸ್ಟಾಪು ಕಂಡ ಕೂಡಲೇ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಯಿತು. ಕೆಂಪು ಕಾರು ಸ್ಟಾಪಿನ ಮುಂದೆ ಅಚ್ಚುಕಟ್ಟಾಗಿ ನಿಂತಿತು. ಕಾಯುತ್ತಿದ್ದ ಜನ ಅವನನ್ನು ನೋಡಿದರು, ಅವನು ಅವರನ್ನು ನೋಡಿದ. ಚೀಲ ಹಿಡಿದ ಮುದುಕರೊಬ್ಬರು ಯಾರೋ ಧರ್ಮಾತ್ಮ ಎಂದುಕೊಂಡು ಬಾಗಿಲು ತೆಗೆದು ಕೂತೇಬಿಟ್ಟರು. ಕೂತವರು ಸೀಟಿನೊಳಗೆ ಇಳಿದು, ಟೋಪಿಯಷ್ಟೇ ಮೇಲೆ ಉಳಿಯಿತು. ಡ್ರೈವರಣ್ಣನಿಗೆ ಇಳಿಯಿರಿ ಅನ್ನಲು ಬಾಯಿ ಬರಲಿಲ್ಲ. ಹತ್ತಿದವರನ್ನು ಇಳಿಸುವುದು ಅವನ ಕೆಲಸವಾಗಿರಲೇ ಇಲ್ಲ. ಅವರು ಹೇಳಿದಲ್ಲಿಗೆ ಬಿಟ್ಟುಬಂದ.

ಇದೆಲ್ಲ ಹೋಗಲಿ. ಅವನ ಮಾನ ಹೋದದ್ದು ದೊಡ್ಡ ಸಿಗ್ನಲ್ಲಿನಲ್ಲಿ. ಕೆಂಪು ದೀಪಕ್ಕೆ ನಿಲ್ಲಿಸಿದ. ಹಸಿರು ಬಿತ್ತು. ಡ್ರೈವರಣ್ಣ ಗೇರು ಹಾಕಿ, ಕ್ಲಚ್ಚು ಒತ್ತಿಕೊಂಡು, ಮುಂದೆ ನೋಡುತ್ತಾ ಕೂತ. ಹಿಂದಿನ ಗಾಡಿ ಹಾರನ್ ಹೊಡೆಯಿತು. ಅದರ ಹಿಂದಿನದೂ ಹೊಡೆಯಿತು. ಇವನು ಕೂತೇ ಇದ್ದ. ಮತ್ತೆ ಕೆಂಪು ಬಿದ್ದ ಮೇಲೆ ಅವನಿಗೇ ಹೊಳೆಯಿತು, ತಾನು ಕಾಯುತ್ತಿದ್ದದ್ದು ಏನನ್ನು ಎಂದು. ಬೆಲ್ಲನ್ನು. ಬಸ್ಸಿನಲ್ಲಿ ಕಂಡಕ್ಟರು ಹಗ್ಗ ಎಳೆದು ಒಂದು ಬೆಲ್ ಕೊಟ್ಟರೆ ನಿಲ್ಲಬೇಕು, ಎರಡು ಕೊಟ್ಟರೆ ಹೊರಡಬೇಕು. ಡಬಲ್ ಬೆಲ್ ಕೇಳದೆ ಅವನ ಎಡಗಾಲು ಜೀವಮಾನವಿಡೀ ಮೇಲೆದ್ದದ್ದಿಲ್ಲ. ತಲೆಗೆ ನಿವೃತ್ತಿಯಾಗಿತ್ತು, ಕಾಲಿಗೆ ಆದೇಶ ತಲುಪಿರಲಿಲ್ಲ.

ಸಂಜೆ ಮಗಳು ಫೋನ್ ಮಾಡಿದಳು. "ಅಪ್ಪಾ, ಇವರ ಆಫೀಸಿನೋರು ಹೇಳಿದ್ರು, ಸಿಗ್ನಲ್ ಹತ್ರ ಯಾರೋ ಒಬ್ಬರು ಕೆಂಪು ಕಾರಲ್ಲಿ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ರಂತೆ. ನೀವಲ್ಲ ತಾನೇ?"

"ನಾನು ನಿದ್ದೆ ಮಾಡ್ತಿರಲಿಲ್ಲ," ಅಂದ ಡ್ರೈವರಣ್ಣ. ಅದು ನಿಜವೇ ಆಗಿತ್ತು.

ತಪ್ಪು ತನ್ನದಲ್ಲ, ಕಾರಿನದು ಎಂದು ಅವನು ಆ ಹೊತ್ತಿಗೆ ತೀರ್ಮಾನಿಸಿಯಾಗಿತ್ತು. ಕಾರನ್ನು ಸುಧಾರಿಸಬೇಕು. ಹಳೆಯ ರೇಸಿನ ಕಾರು ಕೊಂಡವರೆಲ್ಲ ಸುಧಾರಿಸುತ್ತಾರಂತೆ. ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಇಂಥ ಕಾರೆಂದರೆ ಪ್ರಾಣ. ಬಾನೆಟ್ಟು ಎತ್ತಿ, ಮಗುವಿನ ತೊಟ್ಟಿಲಿಗೆ ಬಗ್ಗುವಂತೆ ಬಗ್ಗಿ ನೋಡಿದ.

"ಡ್ರೈವರಣ್ಣ, ಇಂಜಿನ್ ಬಂಗಾರ. ಕಾರ್ಬೊರೇಟರ್ ಬದಲಾಯಿಸೋಣ, ಸೈಲೆನ್ಸರ್ ದಪ್ಪದ್ದು ಹಾಕೋಣ, ಟೈರು ಅಗಲದ್ದು. ಆಮೇಲೆ ನೀವು ಹೋಗಿದ್ದು ಯಾರಿಗೂ ಗೊತ್ತಾಗಲ್ಲ, ಗಾಳಿ ಮಾತ್ರ ಗೊತ್ತಾಗುತ್ತೆ."

"ಅದೆಲ್ಲ ಇರ್ಲಿ. ನನಗೆ ದೊಡ್ಡ ಕನ್ನಡಿ ಬೇಕು. ಎರಡೂ ಕಡೆ."

ಮೆಕ್ಯಾನಿಕ್ ಕನ್ನಡಿ ಹಾಕಿದ. ಬಸ್ಸಿಗೆ ಹಾಕುವ ಕನ್ನಡಿ, ಕಾರಿಗೆ ಆನೆಯ ಕಿವಿಯಂತೆ ಕೂತಿತು. ಮುಂದಿನ ಸಲ ಡ್ರೈವರಣ್ಣ ಹಾರನ್ ಬೇಕೆಂದ. ಊದಿದರೆ ಅಂಗಡಿಯವರು ಶಟರ್ ಎಳೆದುಕೊಳ್ಳುವಂಥ ಹಾರನ್ನು. ಅದನ್ನೂ ಹಾಕಿದ. ಆಮೇಲೆ ಇವನು ಸ್ಟೀರಿಂಗ್ ದೊಡ್ಡದು ಬೇಕು ಅಂದಾಗ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ.

"ಅಣ್ಣ, ನಾನೂ ಹೆಂಡತಿ ಮಕ್ಕಳ ಜೊತೆ ಇದೇ ಬೀದೀಲಿ ಬಾಳಬೇಕು. ಸ್ಟೀರಿಂಗ್ ಮಾತ್ರ ಮಾಡಲ್ಲ."

"ಸರಿ ಬಿಡು. ಸೀಟಾದರೂ ಎತ್ತರ ಮಾಡು. ಮುಂದಿನ ಗಾಡಿಯ ಟೈರು ಬಿಟ್ರೆ ಬೇರೇನೂ ಕಾಣಲ್ಲ ನನಗೆ."

ಸೀಟನ್ನು ಡ್ರೈವರಣ್ಣನೇ ಗುಜರಿಯಿಂದ ತಂದ. ಬಸ್ಸಿನ ಡ್ರೈವರ್ ಸೀಟು, ಅಡಿಯಲ್ಲಿ ದಪ್ಪ ಸ್ಪ್ರಿಂಗು. ನಾನು ಓಡಿಸುತ್ತಿದ್ದ ಬಸ್ಸಿನದೇ ಇರಬಹುದೇ ಎಂದು ಕೇಳಿದ್ದಕ್ಕೆ ಗುಜರಿಯವನು ಹೌದು ಎಂದಿದ್ದ. ಕೊಳ್ಳುವವನ ಕಣ್ಣು ನೋಡಿ ಗುಜರಿಯವನು ಏನನ್ನು ಬೇಕಾದರೂ ಹೌದೆನ್ನುತ್ತಾನೆ ಎಂಬುದು ಗೊತ್ತಿದ್ದೂ ಡ್ರೈವರಣ್ಣ ನಂಬಿದ.

ಆ ಸೀಟಿನ ಮೇಲೆ ಕೂತರೆ ಅವನ ಮಂಡಿ ಸ್ಟೀರಿಂಗಿಗೆ ತಾಗುತ್ತಿತ್ತು, ತಲೆ ಮುಂದಿನ ಗಾಜಿಗಿಂತ ಗೇಣುದ್ದ ಮೇಲಿರುತ್ತಿತ್ತು. ಬಟ್ಟೆಯ ಚಾವಣಿ ಇನ್ನು ಮುಚ್ಚುವ ಮಾತೇ ಇಲ್ಲ. ಸ್ವಲ್ಪ ಜೋರಾಗಿ ಹೋದರೆ ಬೀದಿಯ ಹುಳುವೆಲ್ಲ ಬಾಯಿಗೆ. ಮನೆಗೆ ಬಂದಾಗ ಮೀಸೆಯಲ್ಲಿ ಒಂದು ಜೀರುಂಡೆ ಸಿಕ್ಕಿಕೊಂಡಿತ್ತು. ಹೆಂಡತಿ ಮೊದಲು ಅದನ್ನು ಬಿಡಿಸಿ ಕಿಟಕಿಯಾಚೆ ಬಿಟ್ಟು, ಆಮೇಲೆ ಕೇಳಿದಳು:

"ಪ್ಯಾಸೆಂಜರ್ ಇಳಿದ್ರು. ಡ್ರೈವರಿಗೆ ಊಟ ಬಡಿಸ್ಲಾ?"

ಇನ್ನೂ ಅವಳು ಕಾರು ಹತ್ತಿರಲಿಲ್ಲ. ಅವನು ದಿನವೂ ಕರೆಯುತ್ತಿದ್ದ, ಅವಳು ದಿನವೂ "ನೋಡೋಣ" ಅನ್ನುತ್ತಿದ್ದಳು. ಆದರೆ ಇವನು ಹೊರಟಾಗಲೆಲ್ಲ ಕಿಟಕಿಯ ಪರದೆ ಒಂದಿಷ್ಟು ಸರಿಯುತ್ತಿತ್ತು. ಡ್ರೈವರಣ್ಣ ಅದನ್ನು ಆನೆಕಿವಿ ಕನ್ನಡಿಯಲ್ಲಿ ನೋಡುತ್ತಿದ್ದ. ಅವಳಿಗೆ ಆಸೆಯಿದೆ, ತಾನು ಓಡಿಸುವ ರೀತಿ ಇನ್ನೂ ಅವಳ ಮನಸ್ಸಿಗೆ ಬಂದಿಲ್ಲ, ಅಷ್ಟೇ ಎಂದುಕೊಂಡ.

ಅಷ್ಟರಲ್ಲಿ ಹಳೆಯ ಕಂಡಕ್ಟರು ನೋಡಲು ಬಂದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಕೂದಲು ನರೆಸಿಕೊಂಡವರು. ಇಷ್ಟು ವರ್ಷವೂ ಒಬ್ಬರಿಗೊಬ್ಬರು ಬಹುವಚನ ಬಿಟ್ಟವರಲ್ಲ, ಬೈಯುವಾಗಲೂ.

"ಏನ್ ಡ್ರೈವರ್ರೇ, ಬಸ್ಸು ಒಗೆದು ಹಾಕಿದ್ರಾ? ಕುಗ್ಗಿಹೋಗಿದೆಯಲ್ಲ."

"ಬನ್ನಿ ಕಂಡಕ್ಟ್ರೇ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಕಂಡಕ್ಟರು ಕಡ್ಡಿಯಂಥ ಮನುಷ್ಯ. ಮಡಚಿದ ಕೊಡೆಯಂತೆ ಒಳಗೆ ಜಾರಿದರು. "ಕೂತಿದ್ದೀನಾ ಬಿದ್ದಿದ್ದೀನಾ ಗೊತ್ತಾಗ್ತಿಲ್ಲ," ಅಂದವರೇ, ಅಭ್ಯಾಸಬಲದಿಂದ ಬಾಗಿಲ ತಗಡಿನ ಮೇಲೆ ಬೆರಳಗೆಣ್ಣಿನಿಂದ ಟಕ್ ಟಕ್ ಎಂದರು.

ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು.

ಅಂದು ಡ್ರೈವರಣ್ಣ ಓಡಿಸಿದ್ದನ್ನು ಊರು ನೋಡಬೇಕಿತ್ತು. ಸ್ಟಾಪಿನಲ್ಲಿ ನಿಂತರೆ ಕಂಡಕ್ಟರು "ಯಾರೂ ಇಲ್ಲ, ಹೋಗ್ಲಿ" ಅಂತ ಟಕ್ ಟಕ್. ಸಿಗ್ನಲ್ ಹಸಿರಾದರೆ ಟಕ್ ಟಕ್. ಒಬ್ಬನೇ ಒಬ್ಬ ಹಾರನ್ ಹೊಡೆಯಲಿಲ್ಲ. ಹಳೆಯ ರೂಟು ಪೂರ್ತಿ ಸುತ್ತಿದರು. ಏರಿನಲ್ಲಿ ಅದೇ ರೂಟಿನ ಬಸ್ಸೊಂದು ಏದುಸಿರು ಬಿಡುತ್ತಿತ್ತು. ಡ್ರೈವರಣ್ಣ ಸುಯ್ಯನೆ ಅದನ್ನು ದಾಟಿ, ಕೈಯೆತ್ತಿ ಬೀಸಿದ. ಬಸ್ಸಿನ ಡ್ರೈವರು ಏನೋ ಬೈದ. ತಾನೂ ಆವತ್ತು ಇದೇ ಮಾತು ಬೈದಿದ್ದೆ ಎಂದು ನೆನಪಾಗಿ ಡ್ರೈವರಣ್ಣನಿಗೆ ಹೊಟ್ಟೆ ತಂಪಾಯಿತು.

ಮನೆಗೆ ಬಂದಾಗ ಹೆಂಡತಿ ಗೇಟಿನಲ್ಲಿ ನಿಂತಿದ್ದಳು. ಕಂಡಕ್ಟರಿಗೆ ಟೀ ಕೊಟ್ಟಳು, ನಗುನಗುತ್ತಾ ಮಾತಾಡಿಸಿ ಕಳಿಸಿದಳು. ಅವರು ತಿರುವು ದಾಟಿದ ಮೇಲೆ ಲೋಟ ಎತ್ತುತ್ತಾ ಕೇಳಿದಳು:

"ಹೇಗಿರುತ್ತಂತೆ?"

"ಏನು?"

"ನಿಮ್ಮ ಮುಖ. ಓಡಿಸೋವಾಗ. ಕಂಡಕ್ಟ್ರು ಪಕ್ಕದಲ್ಲೇ ಕೂತು ನೋಡಿದ್ರಲ್ಲ, ಕೇಳೋದು ಮರ್ತೆ."

ಡ್ರೈವರಣ್ಣ ಕೀಲಿಕೈ ಜೇಬಿಗೆ ಹಾಕಿಕೊಂಡ.

"ನಾನು ಎಷ್ಟು ಸಲ ಕರೆದೆ, ನೀನು ಬರಲಿಲ್ಲ."

"ಕರೆದ್ರಿ. ಕನ್ನಡಿ ಹಾಕಿಸಿ ಕರೆದ್ರಿ, ಹಾರನ್ ಹಾಕಿಸಿ ಕರೆದ್ರಿ. ಮಾರಿಬಿಡಿ ಅದನ್ನ. ಕಂಡಕ್ಟ್ರಿಗೇ ಮಾರಿ, ಇಬ್ರೂ ಸುತ್ತಾಡಿ." ಲೋಟ ತೊಳೆಯಲು ಒಳಗೆ ಹೋದಳು. ಚಾಲಕರೊಂದಿಗೆ ಮಾತನಾಡಬಾರದು ಎಂಬ ಬೋರ್ಡು ಮನೆಯಲ್ಲಿ ಮತ್ತೆ ಮೇಲೆ ಬಂತು.

ಅವನು ಹೊರಗೆ ಬಂದು ಕಾರಿನ ಪಕ್ಕದಲ್ಲಿ ನಿಂತ. ಜಗಳವಾದರೆ ಮನೆಬಿಟ್ಟು ಬಸ್ಸಿನಲ್ಲಿ ಹೋಗಿ ಕೂರುವುದು ಹಳೆಯ ಚಾಳಿ. ಇವತ್ತು ಯಾಕೋ ಸ್ಟೀರಿಂಗಿನ ಕಡೆ ಹೋಗಲು ಮನಸ್ಸಾಗದೆ, ಎದುರಿಗಿದ್ದ ಬಾಗಿಲನ್ನೇ ತೆಗೆದು ಪಕ್ಕದ ಸೀಟಿನಲ್ಲಿ ಕೂತ.

ಕೂತ ಅನ್ನುವುದು ಸುಳ್ಳು. ಬಿದ್ದ. ಇಲಿ ತಿಂದ ಹತ್ತಿಯ ಜಾಗದಲ್ಲಿ ಬರೀ ಬಟ್ಟೆಯಿತ್ತು. ಅದು ಕೆಳಗಿಳಿದು ಅವನನ್ನು ಬಾವಿಯ ಕೊಡದಂತೆ ಒಳಗೆಳೆದುಕೊಂಡಿತು. ಎಲ್ಲಿಂದಲೋ ಒಂದು ತಂತಿ ಬಂದು ಚುಚ್ಚಬಾರದ ಕಡೆ ಚುಚ್ಚಿತು. ಮಂಡಿ ಗಲ್ಲಕ್ಕೆ ಬಂತು. ಏಳಲು ನೋಡಿದ, ಆಗಲಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲ. ಕೊನೆಗೆ ಒಂದು ಕೈಯನ್ನು ಬೀದಿಯ ನೆಲಕ್ಕೆ ಊರಿ, ಇನ್ನೊಂದನ್ನೂ ಊರಿ, ಅರ್ಧ ಮೈ ಹೊರಗೆ ಅರ್ಧ ಮೈ ಒಳಗೆ ಆಗಿ ನಿಂತಾಗ, ಬೀದಿಯ ನಾಯಿ ಬಂದು ಅವನ ಮುಖಕ್ಕೆ ಮುಖ ಕೊಟ್ಟು ಮಾತಾಡಿಸಿತು. ಆಮೇಲೆ ಮೂಗು ನೆಕ್ಕಿತು.

ಅಲ್ಲೇ, ನಾಲ್ಕು ಕಾಲಿನ ಮೇಲೆ, ಅವನಿಗೆ ಅರ್ಥವಾಯಿತು. ಅವಳು ಮೊದಲ ದಿನವೇ ಹೇಳಿದ್ದಳು, ಸೀಟು ಎಲ್ಲಿದೆ ಎಂದು. ಅವನು ಅದನ್ನು ತಮಾಷೆ ಎಂದುಕೊಂಡಿದ್ದ. ಡ್ರೈವರನಿಗೆ ಇಂಜಿನ್ನು, ಬ್ರೇಕು, ಕನ್ನಡಿ, ಹಾರನ್. ಪ್ಯಾಸೆಂಜರ್ ಎಲ್ಲಿ ಕೂತರು, ಹೇಗೆ ಕೂತರು, ಹತ್ತುವವರಿಗೆ ಕಂಬಿ ಸಿಕ್ಕಿತೇ ಎನ್ನುವುದು ಯಾವತ್ತೂ ಅವನ ಇಲಾಖೆಯಲ್ಲ. ಅದು ಕಂಡಕ್ಟರದು. ಹೆಂಡತಿಗೆಂದೇ ಕಾರು ತಂದು, ಹೆಂಡತಿಯನ್ನು ಕಂಡಕ್ಟರಿಗೆ ವಹಿಸಿಬಿಟ್ಟಿದ್ದ. ಇಷ್ಟು ದಿನ ಸುಧಾರಿಸಿದ್ದೆಲ್ಲ ತನ್ನ ಕಡೆಯ ಅರ್ಧವನ್ನೇ.

ನಾಯಿಯ ಕತ್ತು ಹಿಡಿದುಕೊಂಡು ಅವನು ಎದ್ದ. ಅದು ಪುಣ್ಯಕ್ಕೆ ನಿಂತೇ ಇತ್ತು.

ಮೆಕ್ಯಾನಿಕ್ ಕೇಳಿ ತಲೆಯ ಮೇಲೆ ಕೈ ಹೊತ್ತ. "ಈ ಬಸ್ ಸೀಟು ಕಿತ್ತು ಆ ಕಡೆಗೆ, ನಿಮ್ಮ ಕಡೆಗೆ ಹಳೇ ತಗ್ಗು ಸೀಟು. ಜೊತೆಗೆ ಹಿಡ್ಕೊಳ್ಳೋಕೆ ಬಸ್ಸಿನ ಕಂಬಿ. ಅಣ್ಣ, ಒಂದು ಕಡೆ ಬಸ್ಸು, ಒಂದು ಕಡೆ ರೇಸು. ಕಾರು ವಾಲಿಕೊಂಡು ಹೋಗುತ್ತೆ."

"ವಾಲ್ಲಿ ಬಿಡು. ನಾನು ದಪ್ಪ ಇದ್ದೀನಿ, ಸರಿದೂಗುತ್ತೆ."

"ನಿಮಗೆ ಮುಂದಿನ ಗಾಡಿ ಟೈರು ಮಾತ್ರ ಕಾಣುತ್ತೆ ಅಂದಿದ್ರಿ."

"ಟೈರು ನೋಡ್ಕೊಂಡೇ ಹೋಗ್ತೀನಿ."

ಕಾರು ಮನೆಗೆ ಬಂದಾಗ ಮೌನವಿನ್ನೂ ಮುರಿದಿರಲಿಲ್ಲ. ಡ್ರೈವರಣ್ಣ ಕರೆಯಲಿಲ್ಲ. ಆ ಕಡೆಯ ಬಾಗಿಲು ತೆಗೆದಿಟ್ಟು, ತಾನು ಗೋಡೆಗೆ ಒರಗಿ ನಿಂತ. ಪರದೆ ಸರಿಯಿತು, ಮುಚ್ಚಿತು. ಬಹಳ ಹೊತ್ತಾದ ಮೇಲೆ ಅವಳು ಹೊರಗೆ ಬಂದಳು. ಬಾಗಿಲ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದ ಹೊಳೆಯುವ ಕಂಬಿಯನ್ನು ನೋಡಿದಳು. ಕಾದ ಇಸ್ತ್ರಿಪೆಟ್ಟಿಗೆ ಮುಟ್ಟುವಾಗಿನ ಹಾಗೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಅದನ್ನೊಮ್ಮೆ ಮುಟ್ಟಿದಳು. ಅಂಗೈಯಿಂದ ಸೀಟನ್ನು ಒತ್ತಿದಳು. ಸ್ಪ್ರಿಂಗು ಅವಳ ಕೈಯನ್ನು ಮೇಲಕ್ಕೆ ತಳ್ಳಿತು.

"ಇದು ನಿಮ್ಮ ಸೀಟಲ್ವಾ? ಬಸ್ಸಿಂದು?"

"ಗುಜರಿಯವನು ಹೌದು ಅಂದ."

"ಹೌದು. ಇಲ್ಲಿ ಬೆನ್ನಿನ ಹತ್ರ ಹೊಲಿಗೆ ಬಿಟ್ಟಿತ್ತು. ಎಷ್ಟು ವರ್ಷ ನೋಡಿದ್ದೀನಿ." ಅವಳು ಸೀಟಿನ ಹಿಂಬದಿಗೆ ಬಗ್ಗಿ ಆ ಹೊಲಿಗೆಯನ್ನು ಸವರಿದಳು. ಗುಜರಿಯವನು ಒಮ್ಮೆಯಾದರೂ ನಿಜ ಹೇಳಿದ್ದ.

ಕಂಬಿ ಹಿಡಿದು, ಮಂಡಿಗೆ ಹೆಚ್ಚು ಕೆಲಸ ಕೊಡದೆ, ಅವಳು ಹತ್ತಿ ಕೂತಳು. ಡ್ರೈವರಣ್ಣ ಇನ್ನೊಂದು ಕಡೆಯಿಂದ ಬಂದು ತನ್ನ ತಗ್ಗಿಗೆ ಇಳಿದ. ಹೆಂಡತಿ ಅಂಬಾರಿಯಲ್ಲಿ, ಗಂಡ ಕಾಲುವೆಯಲ್ಲಿ. ಅವಳ ಸೆರಗು ಗಾಳಿಗೆ ಅವನ ತಲೆಯ ಮೇಲೆ ಹಾರಾಡುತ್ತಿತ್ತು. ಬೀದಿಯವರು ಕಿಟಕಿಗಳಿಗೆ ಬಂದರು. ನಗದೆ ಇದ್ದವರು ಯಾರೂ ಇರಲಿಲ್ಲ. ಅವಳೂ ನಕ್ಕಳು, ಅವರಿಗಿಂತ ಜೋರಾಗಿ. ಜನ ನಗದ ಹಾಗೆ ಓಡಿಸಬೇಕೆಂಬ ಷರತ್ತು ಎಲ್ಲಿ ಹೋಯಿತೋ.

ಸ್ವಲ್ಪ ದೂರ ಹೋದ ಮೇಲೆ ಅವಳು ಕೆಳಗೆ ನೋಡಿ ಹೇಳಿದಳು:

"ಇಲ್ಲಿಂದ ನಿಮ್ಮ ನೆತ್ತಿ ಕಾಣುತ್ತೆ ಕಣ್ರೀ. ಮುಖ ಕಾಣಲ್ಲ. ಇಷ್ಟು ದಿನ ಕತ್ತು, ಈಗ ನೆತ್ತಿ."

ಇಷ್ಟೆಲ್ಲ ಮಾಡಿ ಡ್ರೈವರಣ್ಣ ಇದೊಂದನ್ನು ನೋಡಿರಲಿಲ್ಲ. ಅವನ ಯೋಚನೆಗಳ ಹಣೆಬರಹವೇ ಅಷ್ಟು. ಮುಂದಿನ ಟೈರು ನೋಡಿಕೊಂಡು ಓಡಿಸಿದ. ದೊಡ್ಡ ಸಿಗ್ನಲ್ ಬಂತು. ಕೆಂಪು. ನಿಲ್ಲಿಸಿದ.

ಹಸಿರು ಬಿತ್ತು.

ಗೇರು ಹಾಕಿದ್ದ, ಕ್ಲಚ್ಚು ಒತ್ತಿದ್ದ, ಕಾಲು ಮೇಲೇಳಲಿಲ್ಲ. ಹಿಂದಿನಿಂದ ಹಾರನ್ ಶುರುವಾಯಿತು. ಅವನು ಅಸಹಾಯಕನಾಗಿ ಕತ್ತೆತ್ತಿ ಹೆಂಡತಿಯನ್ನು ನೋಡಿದ. ಅವಳು ಕೆಳಗೆ ಅವನನ್ನೇ ನೋಡುತ್ತಿದ್ದಳು.

"ಯಾಕೆ ನಿಂತ್ರಿ?"

"ಡಬಲ್ ಬೆಲ್ ಆಗಿಲ್ಲ," ಅಂದ ನಾಚಿಕೊಂಡು.

ಆಸ್ಪತ್ರೆಗೆ ಹೋಗಿ ಬರುತ್ತಾ ವರ್ಷಗಟ್ಟಲೆ ಆ ಬೆಲ್ಲನ್ನು ಕೇಳಿದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಕಂಬಿಯ ಹತ್ತಿರ ಕೈ ಒಯ್ದಳು. ಬಡಿಯಲಿಲ್ಲ. ಕೈ ಅಲ್ಲೇ ನಿಂತಿತು.

"ನಿಮ್ಮ ಮೂಗು ಎಡಗಡೆಗೆ ಸ್ವಲ್ಪ ಸೊಟ್ಟ ಇದೆ," ಅಂದಳು.

"ಹಾರನ್ ಹೊಡೀತಿದಾರೆ ಕಣೇ."

"ಹೊಡೀಲಿ. ಹುಬ್ಬಲ್ಲಿ ಒಂದು ಬಿಳಿ ಕೂದಲು ಉದ್ದ ಬೆಳೆದಿದೆ. ಬೆವರ್ತಿದ್ದೀರಿ. ಇಷ್ಟು ವರ್ಷವೂ ಹೀಗೇ ಬೆವರ್ತಿದ್ರಾ, ಗಾಡಿ ನಿಂತಾಗಲೆಲ್ಲ?"

"ಬೆಲ್ ಕೊಡೇ."

"ತಡೀರಿ. ಇನ್ನೂ ಯಾರಾದ್ರೂ ಹತ್ತೋರು ಇದ್ದಾರಾ ನೋಡ್ತಿದ್ದೀನಿ."

ದೀಪ ಮತ್ತೆ ಕೆಂಪಾಯಿತು. ಹಿಂದಿದ್ದವರು ಬಾಯಿಗೆ ಬಂದದ್ದನ್ನು ಬೈದರು. ಇನ್ನೊಮ್ಮೆ ಹಸಿರಾದ ಮೇಲೂ ಒಂದು ಗಳಿಗೆ ನೋಡಿ, ಆಮೇಲೆ ಅವಳು ಬೆರಳಗೆಣ್ಣಿನಿಂದ ಕಂಬಿಯ ಮೇಲೆ ಟಕ್ ಟಕ್ ಎಂದಳು.